ಕೌದಿಯ ಕೊನೆಯ ಹೊಲಿಗೆ: ನಾನೇ ಹಾಕಿದ್ದು, ವೃತ್ತಿಪರರಿಂದ ಹಾಕಿಸಿದ್ದು

ಅಕ್ಕನ ಅವಳಿ ಹೆಣ್ಣುಮಕ್ಕಳಿಗೆಂದು ಕಳೆದ ವರ್ಷ ನಾನು ಒಂದೇ ಬಟ್ಟೆ, ಒಂದೇ ವಿನ್ಯಾಸ, ಒಂದೇ ಅಳತೆಯ ಎರಡು ಕೌದಿಗಳನ್ನು ಮಾಡಿದೆ. ಎರಡೂ 60 ಅಂಗುಲ ಅಗಲ, 75 ಅಂಗುಲ ಉದ್ದ. ತುಂಡುಗಳನ್ನು ಕತ್ತರಿಸಿ ಮೇಲ್ಪದರವನ್ನು ಕೂಡಿಸಿದ ಬಳಿಕ, ಆ ಮೇಲ್ಪದರವನ್ನೂ ನಡುವಿನ ಹತ್ತಿಯ ಪದರವನ್ನೂ ಕೆಳಗಿನ ಅಸ್ತರನ್ನೂ ಒಂದಾಗಿಸುವ ಹೊಲಿಗೆ ಉಳಿಯುತ್ತದೆ. ಮೊದಲ ಕೌದಿಗೆ ಆ ಹೊಲಿಗೆಯನ್ನು ಮನೆಯ ಯಂತ್ರದಲ್ಲಿ ನಾನೇ ಹಾಕಿದೆ. ಅದರ ಹಿಂಬದಿಯನ್ನು ಕಂಡು ಧೈರ್ಯಗುಂದಿ ಎರಡನೆಯದನ್ನು ಲಾಂಗ್‌ಆರ್ಮ್ ಯಂತ್ರವಿಟ್ಟುಕೊಂಡಿರುವ ವೃತ್ತಿಪರರೊಬ್ಬರಿಗೆ ಕೊಟ್ಟೆ. ಒಂದು ವರ್ಷ ಎರಡೂ ಬಳಕೆಯಾಗಿ ಹಲವು ಬಾರಿ ಒಗೆತ ಕಂಡ ಮೇಲೆ ನನ್ನ ಒಲವು ಮನೆಯಲ್ಲಿಯೇ ಮುಗಿಸುವ ಕಡೆಗೆ ನಿಂತಿದೆ. ಹಾಗಿದ್ದರೂ ನನ್ನನ್ನು ಮೊದಲಿಗೆ ಹಿಮ್ಮೆಟ್ಟಿಸಿದ ತೊಂದರೆ ಸಣ್ಣದಲ್ಲ. ಅದು ಅಸ್ತರಿನ ಸುಕ್ಕಿನದು.

ಯಂತ್ರದ ಮುಂದೆ ಕುಳಿತವರಿಗೆ ಕಾಣುವುದು ಮೇಲ್ಪದರ ಮಾತ್ರ. ಅದು ನಯವಾಗಿ ಸಾಗುತ್ತಿದ್ದರೆ ಎಲ್ಲವೂ ಸರಿಯಾಗಿದೆ ಎಂದುಕೊಂಡು ಗೆರೆಯ ಮೇಲೆ ಗೆರೆ ಹೊಲಿಯುತ್ತೇವೆ. ನಾನು ಕೊನೆಯ ಗೆರೆಯನ್ನೂ ಮುಗಿಸಿ ಕೌದಿಯನ್ನು ತಿರುವಿ ಹಾಸಿದಾಗ, ಅಸ್ತರು ಹನ್ನೊಂದು ಕಡೆ ಮಡಚಿಕೊಂಡು, ಆ ಮಡಿಕೆಗಳ ಮೇಲೆಯೇ ಹೊಲಿಗೆ ಬಿದ್ದಿತ್ತು. ಹೆಚ್ಚಿನವು ಅಡ್ಡಗೆರೆಯು ಉದ್ದಗೆರೆಯನ್ನು ದಾಟುವ ಜಾಗದಲ್ಲಿದ್ದವು. ಅಂಥ ಮಡಿಕೆ ಇಸ್ತ್ರಿಗೆ ಬಗ್ಗುವುದಿಲ್ಲ. ಬಿಚ್ಚಿ ಹೊಲಿಯುವುದೊಂದೇ ದಾರಿ, ಆದರೆ ಬಿಚ್ಚಿದರೂ ಅಲ್ಲಿ ಹೆಚ್ಚಾಗಿ ಉಳಿದ ಬಟ್ಟೆ ಎಲ್ಲಿಗೂ ಹೋಗುವುದಿಲ್ಲ. ಪಕ್ಕದ ಗೆರೆಯನ್ನೂ ಬಿಚ್ಚಿ ಅದನ್ನು ಅಂಚಿನವರೆಗೆ ಸರಿಸಿಕೊಂಡು ಹೋಗಬೇಕು. ನಾಲ್ಕು ಮಡಿಕೆಗಳನ್ನು ಹಾಗೆ ಸರಿಪಡಿಸುವಷ್ಟರಲ್ಲಿ ಮೂರು ಸಂಜೆಗಳು ಕಳೆದವು. ಉಳಿದ ಏಳು ಇಂದಿಗೂ ಆ ಕೌದಿಯಲ್ಲಿವೆ.

ಇದಕ್ಕೆ ಕಾರಣ ಯಂತ್ರದ ರಚನೆಯಲ್ಲಿಯೇ ಇದೆ. ಸೂಜಿಯ ಕೆಳಗಿನ ಹಲ್ಲುಗಳು ಅಡಿಯ ಬಟ್ಟೆಯನ್ನು ಮುಂದಕ್ಕೆ ಎಳೆಯುತ್ತವೆ, ಮೇಲಿನಿಂದ ಒತ್ತುವ ಫುಟ್ಟು ಮೇಲಿನ ಬಟ್ಟೆಯನ್ನು ತಡೆಯುತ್ತದೆ. ಹಾಗಾಗಿ ಪದರಗಳು ಒಂದೇ ವೇಗದಲ್ಲಿ ಸಾಗುವುದಿಲ್ಲ. ಮೇಲಿನ ಪದರವನ್ನೂ ಹಿಡಿದು ಸಾಗಿಸುವ ವಾಕಿಂಗ್ ಫುಟ್ ಇದಕ್ಕೆಂದೇ ಇದೆ ಮತ್ತು ನಾನು ಅದನ್ನು ಬಳಸಿಯೂ ಇದ್ದೆ. ಆದರೂ ಸುಕ್ಕು ಬಂದದ್ದು ಅದಕ್ಕೂ ಹಿಂದಿನ ಕೆಲಸದಲ್ಲಿ ನಾನು ತೋರಿದ ಆತುರದಿಂದ. ಅಸ್ತರನ್ನು ನೆಲದ ಮೇಲೆ ಸುಮ್ಮನೆ ಹಾಸಿ, ಗೇಣಿಗೊಂದರಂತೆ ಪಿನ್ನು ಹಾಕಿ, ಹೊಲಿಗೆಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಯ್ದಿದ್ದೆ. ಜೊತೆಗೆ ಕೌದಿಯ ಅರ್ಧ ಭಾರ ಮೇಜಿನಿಂದ ಕೆಳಗೆ ಜೋತುಬಿದ್ದು ಹೊಲಿಗೆಯನ್ನು ಹಿಂದಕ್ಕೆ ಜಗ್ಗುತ್ತಿತ್ತು.

ಅನಂತರ ಮಾಡಿದ ಮೂರನೆಯ ಕೌದಿಯಲ್ಲಿ ಕ್ರಮವನ್ನು ಬದಲಿಸಿದೆ. ಅಸ್ತರನ್ನು ಒಳಮೈ ಮೇಲಾಗುವಂತೆ ಹಾಸಿ, ನಾಲ್ಕು ಬದಿಗಳ ನಡುವಿನಿಂದ ಮೂಲೆಗಳ ಕಡೆಗೆ ನೆಲಕ್ಕೆ ಟೇಪು ಅಂಟಿಸುತ್ತ ಹೋದೆ. ಬಟ್ಟೆ ಸಡಿಲವಾಗಿಯೂ ಇರಬಾರದು, ಹಿಗ್ಗುವಷ್ಟು ಬಿಗಿಯಾಗಿಯೂ ಇರಬಾರದು; ಹಿಗ್ಗಿಸಿದರೆ ಟೇಪು ಬಿಚ್ಚಿದೊಡನೆ ಅಸ್ತರು ಹಿಂದಕ್ಕೆ ಸೇದಿಕೊಂಡು ಮೇಲ್ಪದರವೇ ಸುಕ್ಕಾಗುತ್ತದೆ. ಅಂಗೈಯನ್ನು ಎಲ್ಲಿ ಊರಿದರೂ ಒಂದು ಪಿನ್ನು ತಾಗುವಂತೆ, ಅಂದರೆ ಸುಮಾರು 4 ಅಂಗುಲಕ್ಕೊಂದರಂತೆ ಸೇಫ್ಟಿ ಪಿನ್ನು ಹಾಕಿದೆ. ಮೊದಲ ಗೆರೆಯನ್ನು ನಟ್ಟನಡುವೆ ಹೊಲಿದು ಅಲ್ಲಿಂದ ಎರಡೂ ಅಂಚುಗಳತ್ತ ಸಾಗಿದೆ. ಯಂತ್ರದ ಎಡಕ್ಕೂ ಹಿಂದಕ್ಕೂ ಒಂದೊಂದು ಮೇಜು ಸೇರಿಸಿ ಭಾರವನ್ನು ಅವುಗಳ ಮೇಲೆ ಬಿಟ್ಟೆ. ನಾಲ್ಕೈದು ಗೆರೆಗಳಿಗೊಮ್ಮೆ ಕೌದಿಯನ್ನು ತಿರುವಿ ಅಸ್ತರನ್ನು ಕೈಯಿಂದ ಸವರಿ ನೋಡಿದೆ. ಹನ್ನೊಂದಿದ್ದ ಮಡಿಕೆಗಳು ಒಂದಕ್ಕೆ ಇಳಿದವು, ಆ ಒಂದನ್ನೂ ಹುಟ್ಟಿದಲ್ಲಿಯೇ ಹಿಡಿದು ಬಿಚ್ಚಿದೆ.

ವೃತ್ತಿಪರರು ಹೊಲಿದ ಕೌದಿಯ ಅಸ್ತರಿನಲ್ಲಿ ಒಂದೂ ಮಡಿಕೆ ಇರಲಿಲ್ಲ. ಅವರ ಯಂತ್ರದಲ್ಲಿ ಬಟ್ಟೆಯು ಉದ್ದನೆಯ ಚೌಕಟ್ಟಿನ ಉರುಳೆಗಳ ನಡುವೆ ಹರಡಿಕೊಂಡು ನಿಂತಿರುತ್ತದೆ. ಸೂಜಿಯಿರುವ ಯಂತ್ರವೇ ಅದರ ಮೇಲೆ ಓಡಾಡುತ್ತದೆ. ಪಿನ್ನಿನ ಗೋಜೇ ಇಲ್ಲ. ಬಳ್ಳಿ ಸುತ್ತಿದಂತೆ ತಡೆಯಿಲ್ಲದೆ ಹರಿಯುವ ಬಾಗುಗೆರೆಗಳು, ಒಂದರಂತೆ ಒಂದು ಬಿದ್ದ ಟಾಕೆಗಳು ನನ್ನ ಕೈಯಿಂದ ಸಾಧ್ಯವಿಲ್ಲದವು. ಹಲ್ಲುಗಳನ್ನು ಇಳಿಸಿ, ಬಟ್ಟೆಯನ್ನು ಎರಡೂ ಕೈಗಳಿಂದ ಆಡಿಸುತ್ತ ಅಂಥ ಗೆರೆ ಹೊಲಿಯಲು ಚೂರುಬಟ್ಟೆಯ ಮೇಲೆ ವಾರಗಟ್ಟಲೆ ಅಭ್ಯಾಸ ಮಾಡಿದ್ದೇನೆ; ಟಾಕೆಗಳು ಇನ್ನೂ ಒಂದು ಉದ್ದ, ಒಂದು ಗಿಡ್ಡ ಬೀಳುತ್ತವೆ.

ಆದರೆ ಕೊಟ್ಟುಬಿಟ್ಟರೆ ನಿಶ್ಚಿಂತೆ ಎಂಬ ನನ್ನ ನಂಬಿಕೆ ಉಳಿಯಲಿಲ್ಲ. ಅಸ್ತರು ನಾಲ್ಕೂ ಕಡೆ 4 ಅಂಗುಲ ಹೆಚ್ಚಿರಬೇಕು, ಅಂದರೆ ನನ್ನ ಅಳತೆಗೆ 68 ಅಂಗುಲ ಅಗಲ, 83 ಅಂಗುಲ ಉದ್ದ ಬೇಕು. ನಾನು 2 ಅಂಗುಲವಷ್ಟೇ ಬಿಟ್ಟಿದ್ದರಿಂದ ನಾಲ್ಕು ಬದಿಗೂ ಪಟ್ಟಿ ಕೂಡಿಸಿಕೊಡಬೇಕಾಯಿತು. ಮೇಲ್ಪದರದ ಅಂಚು ಅಲೆಅಲೆಯಾಗಿ ನಿಂತಿದೆ, ಹೀಗೆಯೇ ಹೊಲಿದರೆ ಅಲ್ಲಲ್ಲಿ ನಿರಿಗೆ ಬೀಳುತ್ತದೆ ಎಂದು ಅವರು ಕೆಲಸ ನಿಲ್ಲಿಸಿ ತಿಳಿಸಿದರು. ತಪ್ಪು ನನ್ನದೇ ಆಗಿತ್ತು: ಕೌದಿಯ ನಡುಭಾಗದ ಅಳತೆ ತೆಗೆದು ಅಂಚುಪಟ್ಟಿಯನ್ನು ಅಷ್ಟಕ್ಕೆ ಕತ್ತರಿಸುವ ಬದಲು, ಪಟ್ಟಿಯನ್ನು ಹೊಲಿಯುತ್ತ ಹೋಗಿ ಕೊನೆಯಲ್ಲಿ ಉಳಿದದ್ದನ್ನು ಕತ್ತರಿಸಿದ್ದೆ. ನಾಲ್ಕೂ ಪಟ್ಟಿಗಳನ್ನು ಬಿಚ್ಚಿ ಮತ್ತೆ ಹೊಲಿದುಕೊಟ್ಟೆ. ಅವರು ಮುಂಚೆಯೇ ತಿಳಿಸಿದ್ದಕ್ಕೆ ನಾನು ಋಣಿ.

ನನ್ನ ಮನಸ್ಸನ್ನು ತಿರುಗಿಸಿದ್ದು ಬೇರೆಯೇ ಸಂಗತಿ. ಅವರು ಹಾಕಬೇಕಿದ್ದ ಹೊಲಿಗೆಯ ವಿನ್ಯಾಸವನ್ನು ನಾನು ಸಣ್ಣ ಚಿತ್ರವೊಂದರಲ್ಲಿ ನೋಡಿ ಆರಿಸಿದ್ದೆ. ಗೆರೆಗೂ ಗೆರೆಗೂ ನಡುವಿನ ಅಂತರ ಎಷ್ಟೆಂದು ಕೇಳಬೇಕೆಂಬುದೇ ಹೊಳೆದಿರಲಿಲ್ಲ. ಅವು ಒಂದು ಅಂಗುಲಕ್ಕಿಂತಲೂ ಹತ್ತಿರ ಹತ್ತಿರ ಬಂದವು. ನಾನು ಹೊಲಿದದ್ದರಲ್ಲಿ ಆ ಅಂತರ 4 ಅಂಗುಲವಿತ್ತು. ಒಳಗಿರುವ ಹತ್ತಿಯ ಪದರ ಎರಡರಲ್ಲಿಯೂ ಒಂದೇ, ಅದರ ಪೊಟ್ಟಣದ ಮೇಲೆ 8 ಅಂಗುಲದವರೆಗೆ ಅಂತರ ಬಿಡಬಹುದೆಂದು ಬರೆದಿತ್ತು. ಆದರೂ ನಾನು ಹೊಲಿದದ್ದು ಮೈಗೆ ಒರಗಿ ಮಲಗುತ್ತದೆ, ಅವರು ಹೊಲಿದದ್ದು ಭುಜದ ಬಳಿ ಸೆಟೆದು ನಿಂತು ಗಾಳಿ ಒಳಗೆ ಬಿಡುತ್ತದೆ. ಒಗೆದಷ್ಟೂ ಅದು ಮೆದುವಾಗುತ್ತಿದೆ ನಿಜ, ಆದರೆ ನನ್ನದರ ಸಮಕ್ಕೆ ಬಂದಿಲ್ಲ. ಮಕ್ಕಳಿಬ್ಬರೂ ಏಳು ಮಡಿಕೆಗಳಿರುವ ಕೌದಿಯನ್ನೇ ಮೊದಲು ಎಳೆದುಕೊಳ್ಳುತ್ತಾರೆ ಎಂದು ಅಕ್ಕ ಹೇಳಿದಾಗ ನನಗಾದ ಸಂತೋಷ ಸಣ್ಣದಲ್ಲ. ಹೊಲಿಯಲು ಕೊಡುವವರು ಗೆರೆಗಳ ಅಂತರವನ್ನು ಬಾಯಿಬಿಟ್ಟು ಕೇಳಬೇಕು, ಅದೇ ವಿನ್ಯಾಸದಲ್ಲಿ ಹೊಲಿದ ಚೂರೊಂದನ್ನು ಕೈಯಲ್ಲಿ ಹಿಡಿದು ಮಡಿಸಿ ನೋಡಬೇಕು.

ಸಮಯದ ವಿಷಯದಲ್ಲಿ ಹೊರಗೆ ಕೊಟ್ಟು ಉಳಿತಾಯವೇನೂ ಆಗಲಿಲ್ಲ: ಅವರಲ್ಲಿ ಸರದಿ ಬರಲು ಎರಡು ತಿಂಗಳು ಹಿಡಿಯಿತು, ನನಗೆ ಬಿಚ್ಚಿದ ಸಂಜೆಗಳೂ ಸೇರಿ ಐದು ವಾರ ಬೇಕಾದವು. ಸುತ್ತಲಿನ ಅಂಚು ಕಟ್ಟುವ ಕೆಲಸವನ್ನು ಎರಡಕ್ಕೂ ನಾನೇ ಮಾಡಿದೆ.

ಕೂಲಿಯನ್ನು ಅವರು ಚದರ ಅಂಗುಲದ ಲೆಕ್ಕದಲ್ಲಿ ಹಾಕುತ್ತಾರೆ. ನನ್ನದು 4500 ಚದರ ಅಂಗುಲ. ದೊಡ್ಡ ಮಂಚಕ್ಕೆ ಹೊಂದುವ 90ಕ್ಕೆ 100 ಅಂಗುಲದ ಕೌದಿಯಾದರೆ 9000, ಅಂದರೆ ಸರಿಯಾಗಿ ಎರಡರಷ್ಟು ಕೂಲಿ. ನಾನು ಕೊಟ್ಟ ಹಣ ಅವರ ಕೆಲಸಕ್ಕೆ ನ್ಯಾಯವಾದದ್ದೇ. ಆದರೆ ಅಷ್ಟು ಹಣದಲ್ಲಿ ನನ್ನ ಮುಂದಿನ ಕೌದಿಯ ಮೇಲ್ಪದರಕ್ಕೂ ಅಸ್ತರಿಗೂ ಬಟ್ಟೆ ಬರುತ್ತದೆ. ವರ್ಷಕ್ಕೆ ಎರಡೇ ಕೌದಿ ಮಾಡುವ ನನಗೆ ಸಂಜೆಗಳಿವೆ, ಹಣ ಅಷ್ಟಿಲ್ಲ. ವಾಕಿಂಗ್ ಫುಟ್ಟಿಗೂ ಪಿನ್ನುಗಳಿಗೂ ಒಮ್ಮೆ ಖರ್ಚು ಮಾಡಿದರೆ ಮುಗಿಯಿತು. ತುಂಡು ಜೋಡಿಸುವುದರಲ್ಲಿಯೇ ಸುಖ ಕಂಡು ವರ್ಷಕ್ಕೆ ಆರು ಮೇಲ್ಪದರ ಮುಗಿಸಿ ಬೀರುವಿನಲ್ಲಿ ಮಡಚಿಡುವವರಾದರೆ ವೃತ್ತಿಪರರಿಗೆ ಕೊಡುವುದೇ ಸರಿ.

60ಕ್ಕೆ 75 ಅಂಗುಲದವರೆಗಿನ ಯಾವುದನ್ನೂ ನಾನು ಇನ್ನು ಹೊರಗೆ ಕೊಡುವುದಿಲ್ಲ. ಅದಕ್ಕಿಂತ ದೊಡ್ಡದರಲ್ಲಿ ತೊಡಕಿದೆ, ಏಕೆಂದರೆ ನನ್ನ ಯಂತ್ರದ ಸೂಜಿಗೂ ಬಲಗಡೆಯ ಕಂಬಕ್ಕೂ ನಡುವೆ 7 ಅಂಗುಲವಷ್ಟೇ ಜಾಗ, ನಡುಗೆರೆ ಹೊಲಿಯುವಾಗ ಅರ್ಧ ಕೌದಿ ಸುರುಳಿಯಾಗಿ ಅದರೊಳಗೆ ತೂರಬೇಕು. ಮಂಚದ ಕೌದಿಯನ್ನು ಅದಕ್ಕಾಗಿ 30 ಅಂಗುಲ ಅಗಲದ ಮೂರು ಭಾಗಗಳಾಗಿ ಮಾಡಿ, ಒಂದೊಂದಕ್ಕೂ ಬೇರೆ ಬೇರೆಯಾಗಿ ಮೂರು ಪದರ ಹೊಲಿದು ಕೊನೆಗೆ ಕೂಡಿಸಲು ಹೊರಟಿದ್ದೇನೆ. ಮೊದಲ ಭಾಗದ ಅಸ್ತರಿಗೆ ನಿನ್ನೆ ರಾತ್ರಿ ಟೇಪು ಅಂಟಿಸಿದ್ದೇನೆ.