ರಾಜಕೀಯ ವಿವಾದದ ಬ್ಲಾಗ್ ನಡೆಸುವವರೇ, "ಎಸ್‌ಇಒ ಕಲಿಸುತ್ತೇವೆ" ಅನ್ನುವವರಿಗೆ ಅಡ್ಮಿನ್ ಪಾಸ್‌ವರ್ಡ್ ಕೊಡಬೇಡಿ

ಯಾವುದೋ ಒಂದು ರಾಜಕೀಯ ವಿವಾದದ ಬಗ್ಗೆ ಬರೆದದ್ದು ಸ್ವಲ್ಪ ಓಡಿದರೆ ಸಾಕು, "ನಿಮ್ಮದೇ ಸೈಟ್ ಮೇಲೆ ಪ್ರಾಕ್ಟಿಕಲ್ ಆಗಿ ಎಸ್‌ಇಒ ಕಲಿಸುತ್ತೇವೆ" ಅಂತ ಮೆಸೇಜ್ ಬರುತ್ತದೆ. ಎಸ್‌ಇಒ ಅಂದರೆ ಗೂಗಲ್ ಹುಡುಕಾಟದಲ್ಲಿ ಸೈಟನ್ನು ಮೇಲೆ ತರುವ ಕೆಲಸ. ಉತ್ತರವನ್ನೇ ಕೊಡಬೇಡಿ. ಕೊಟ್ಟರೂ ವರ್ಡ್‌ಪ್ರೆಸ್ ಅಡ್ಮಿನ್ ಪಾಸ್‌ವರ್ಡ್ ಕೊಡಬೇಡಿ. ಹುಡುಕಾಟದಲ್ಲಿ ಸೈಟಿನ ಸ್ಥಿತಿ ತೋರಿಸುವ ಗೂಗಲ್ ಸಾಧನವಾದ ಸರ್ಚ್ ಕನ್ಸೋಲ್‌ನ ಓನರ್ ಹಕ್ಕನ್ನಂತೂ ಯಾವ ಕಾರಣಕ್ಕೂ ಕೊಡಬೇಡಿ. ನಮ್ಮಿಂದ ಎರಡನ್ನೂ ಈಸಿಕೊಂಡರು. ಫೀಸು ಬೇರೆ.

ವಿವಾದದ ಬ್ಲಾಗುಗಳೇ ಇವರಿಗೆ ಯಾಕೆ ಬೇಕು ಗೊತ್ತೇ? ವಿಷಯ ಬಿಸಿಯಾಗಿರುವಾಗ ಎರಡೂ ಕಡೆಯವರು ಲಿಂಕ್ ಕೊಡುತ್ತಾರೆ, ಒಪ್ಪಿದವರು ಹೊಗಳಲು, ಒಪ್ಪದವರು ಬೈಯಲು. ಬೇರೆ ಸೈಟುಗಳಿಂದ ಬರುವ ಲಿಂಕನ್ನು ಗೂಗಲ್ ರ‍್ಯಾಂಕಿಂಗ್‌ಗೆ ಲೆಕ್ಕ ಹಿಡಿಯುತ್ತದೆ, ಬೈದು ಕೊಟ್ಟ ಲಿಂಕೂ ಲಿಂಕೇ. ವಿವಾದ ತಣ್ಣಗಾದ ಮೇಲೆ ಓದುಗರು ಹೋಗುತ್ತಾರೆ, ಲಿಂಕುಗಳು ಉಳಿಯುತ್ತವೆ. ದುಡ್ಡು ಕೊಡದೆ ತಾನಾಗಿ ಬಂದ ಇಂಥ ಲಿಂಕುಗಳಿರುವ ಸೈಟಿಗೆ ಕಳ್ಳ ಮಾರುಕಟ್ಟೆಯಲ್ಲಿ ಒಳ್ಳೆ ಬೆಲೆ. ಅವರ ಕಣ್ಣಿರುವುದು ಅದರ ಮೇಲೆ, ನಿಮ್ಮ ಕಲಿಕೆಯ ಮೇಲಲ್ಲ.

ಕಲಿಸಿದ್ದಾದರೂ ಏನು? ಮೊದಲ ಪಾಠವೇ ಮೆಟಾ ಕೀವರ್ಡ್ಸ್ ಟ್ಯಾಗ್ (ಪುಟದ ಕೋಡ್‌ನಲ್ಲಿ ಅಡಗಿರುವ ಪದಪಟ್ಟಿ) ತುಂಬುವುದು. ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ. ಆಮೇಲೆ ಡೊಮೇನ್ ಅಥಾರಿಟಿ ಏರಿಸುವುದು. ಅದು ಮಾಜ್ ಅನ್ನುವ ಕಂಪನಿಯ ಅಂಕ, ಗೂಗಲ್‌ನದಲ್ಲ. ಆಮೇಲೆ "ಸೀಕ್ರೆಟ್" ಅಂತ ಒಂದು: ಎದುರಾಳಿ ನಾಯಕನ ಪುಟಕ್ಕೆ ಬೈಗುಳದ ಆಂಕರ್ (ಲಿಂಕಿನ ಮೇಲೆ ಕಾಣುವ ಪದ) ಹಾಕಿ ನೂರಾರು ಕಡೆಯಿಂದ ಲಿಂಕ್ ಕಟ್ಟುವುದು. ಇದು 2003ರ ಸರಕು ಸ್ವಾಮಿ! "ಮಿಸರಬಲ್ ಫೇಲ್ಯೂರ್" ಅಂತ ಹುಡುಕಿದರೆ ಜಾರ್ಜ್ ಬುಷ್ ಪುಟ ಬರುತ್ತಿದ್ದ ಕಾಲದ್ದು. ಗೂಗಲ್ 2007ರ ಜನವರಿಯಲ್ಲೇ ಅದಕ್ಕೆ ಮದ್ದು ಅರೆಯಿತು. ರ‍್ಯಾಂಕಿಗಾಗಿ ಲಿಂಕ್ ಬೆಳೆಸುವ ಲಿಂಕ್ ಕೃಷಿಯ ಸೊಂಟ ಮುರಿದದ್ದು 2012ರಲ್ಲಿ ಗೂಗಲ್ ತಂದ ಪೆಂಗ್ವಿನ್ ಅಪ್‌ಡೇಟ್. ಅದಾದ ಮೇಲೂ ಇದನ್ನು ಸೀಕ್ರೆಟ್ ಅಂತ ಮಾರುತ್ತಾರೆ.

"ನಂಬರ್ ಒನ್ ಬಂತು" ಅನ್ನುವ ಸ್ಕ್ರೀನ್‌ಶಾಟ್ ಕಳಿಸುತ್ತಾರಲ್ಲ, ಮೇಲೆ ಏನು ಟೈಪ್ ಮಾಡಿದ್ದಾರೆ ನೋಡಿ. ಹೆಚ್ಚುಕಮ್ಮಿ ನಮ್ಮ ಬರಹದ ತಲೆಬರಹವನ್ನೇ ಪೂರ್ತಿ ಟೈಪ್ ಮಾಡಿದ್ದರು. ಅದನ್ನು ಯಾರು ಹುಡುಕುತ್ತಾರೆ? ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ರಿಪೋರ್ಟಿನ ಇಂಪ್ರೆಶನ್ (ಹುಡುಕಾಟದಲ್ಲಿ ಎಷ್ಟು ಸಲ ಕಂಡಿತು) ಕಾಲಂ ನೋಡದೆ ಯಾವ ರ‍್ಯಾಂಕನ್ನೂ ನಂಬಬೇಡಿ. ವಿವಾದದ ಹೆಸರಿನ ಚಿಕ್ಕ ಹುಡುಕಾಟವನ್ನು ಬಿಸಿಯ ದಿನಗಳಲ್ಲಿ ಸುದ್ದಿ ಸಂಸ್ಥೆಗಳೇ ತುಂಬಿಕೊಂಡಿರುತ್ತವೆ. ಸಣ್ಣ ಬ್ಲಾಗಿಗೆ ದಕ್ಕುವುದು ಕಿರಿದಾದ ಪ್ರಶ್ನೆಗಳು: ಆ ಆದೇಶದಲ್ಲಿ ನಿಜವಾಗಿ ಏನಿದೆ, ಯಾವ ದಿನ ಯಾರು ಏನೆಂದರು, ಮೂಲ ದಾಖಲೆ ಎಲ್ಲಿದೆ. ಅದೂ ಒಂದೇ ಯುಆರ್‌ಎಲ್‌ನಲ್ಲಿ ಬೆಳೆಸುತ್ತಾ ಹೋಗಬೇಕು. ಒಬ್ಬೊಬ್ಬರ ಹೇಳಿಕೆಗೂ ಹೊಸ ಪೋಸ್ಟ್ ಹಾಕಿದರೆ ನಿಮ್ಮ ಪೋಸ್ಟುಗಳೇ ಒಂದನ್ನೊಂದು ಕೆಳಗೆ ತಳ್ಳುತ್ತವೆ. ಇವರು ಹೇಳಿದ್ದು ಉಲ್ಟಾ, ದಿನಕ್ಕೆ ಐದು ಪೋಸ್ಟ್ ಹಾಕಿ ಅಂತ!

ಟ್ರಾಫಿಕ್ ಏರಿದ್ದನ್ನು ಅನಲಿಟಿಕ್ಸ್‌ನಲ್ಲಿ ತೋರಿಸಿದರು. ಎಲ್ಲವೂ ಡೈರೆಕ್ಟ್ (ಎಲ್ಲಿಂದ ಬಂದರು ಅಂತ ಗೊತ್ತಾಗದ ಭೇಟಿ), ಎಲ್ಲವೂ ಡೆಸ್ಕ್‌ಟಾಪ್, ಒಂದೇ ಸ್ಕ್ರೀನ್ ಅಳತೆ, ಓದಿದ ಸಮಯ ಸೊನ್ನೆ ಸೆಕೆಂಡ್. ಕೇಳಿದ್ದಕ್ಕೆ, "ವಾಟ್ಸಾಪ್‌ನಿಂದ ಬಂದಿದ್ದು ಸರ್, ಅದು ಡೈರೆಕ್ಟ್ ಅಂತಲೇ ತೋರಿಸುತ್ತೆ." ವಾಟ್ಸಾಪ್ ಲಿಂಕ್ ಡೈರೆಕ್ಟ್ ಎಂದು ದಾಖಲಾಗಬಹುದು, ಆ ಮಾತು ಸರಿಯೇ. ಆದರೆ ವಾಟ್ಸಾಪ್ ಓದುಗರಲ್ಲಿ ಒಬ್ಬರ ಕೈಯಲ್ಲೂ ಫೋನ್ ಇಲ್ಲವೇ?

ಆಮೇಲೆ ಗೂಗಲ್‌ನಿಂದ ಬರುತ್ತಿದ್ದ ನಿಜವಾದ ಓದುಗರೂ ನಿಂತರು. ಆಗ ಬಂದ ಉತ್ತರ ಕೇಳಿ: "ಪೊಲಿಟಿಕಲ್ ಕಂಟೆಂಟ್ ಅಲ್ವಾ ಸರ್, ಎದುರು ಪಾರ್ಟಿಯವರು ಒಟ್ಟಾಗಿ ರಿಪೋರ್ಟ್ ಹೊಡೆದಿದ್ದಾರೆ. ಗೂಗಲ್ ಶ್ಯಾಡೋಬ್ಯಾನ್ ಮಾಡಿದೆ." ಅಂದರೆ ಹೇಳದೆ ಕೇಳದೆ ಹುಡುಕಾಟದಲ್ಲಿ ಮರೆಮಾಡಿದೆ ಅಂತ. ಸುಳ್ಳು. ಹಸಿ ಸುಳ್ಳು. ರಾಜಕೀಯ ಬರೆಯುವವರು ಇದನ್ನು ತಕ್ಷಣ ನಂಬುತ್ತಾರೆ ಅಂತ ಗೊತ್ತಿದ್ದೇ ಹೇಳುವ ಸುಳ್ಳು. ಗೂಗಲ್‌ನವರೇ ಕೈಯಾರೆ ದಂಡ ಹಾಕಿದ್ದರೆ ಸರ್ಚ್ ಕನ್ಸೋಲ್‌ನ ಮ್ಯಾನ್ಯುಯಲ್ ಆಕ್ಷನ್ಸ್ ಪುಟದಲ್ಲಿ ಕಾರಣ ಸಹಿತ ಬರೆದಿರುತ್ತದೆ.

ಆ ಪುಟ ನಮಗೆ ಕಾಣದಂತೆ ಮಾಡಿದ್ದರು! ರೂಟ್ ಫೋಲ್ಡರಿನಲ್ಲಿದ್ದ ನಮ್ಮ ವೆರಿಫಿಕೇಶನ್ ಫೈಲ್ (ಸೈಟ್ ನಮ್ಮದು ಅಂತ ಗೂಗಲ್‌ಗೆ ತೋರಿಸುವ ಫೈಲ್) ಅಳಿಸಿ ತಮ್ಮದನ್ನು ಇಟ್ಟುಕೊಂಡಿದ್ದರು. ಫೈಲ್ ಹೋದರೆ ಓನರ್ ಹಕ್ಕೂ ಹೋಗುತ್ತದೆ. ನಮಗೆ ಸಿಗುತ್ತಿದ್ದದ್ದು ಅವರು ಕಳಿಸುವ ಪಿಡಿಎಫ್ ಮಾತ್ರ. ಪುಣ್ಯಕ್ಕೆ ಡೊಮೇನ್ ಖಾತೆ ಕೊಟ್ಟಿರಲಿಲ್ಲ. ಡೊಮೇನ್‌ನ ಡಿಎನ್‌ಎಸ್ ಸೆಟ್ಟಿಂಗ್‌ನಲ್ಲಿ ಗೂಗಲ್ ಕೊಟ್ಟ ಟಿಎಕ್ಸ್‌ಟಿ ದಾಖಲೆ ಹಾಕಿ ಹಕ್ಕು ವಾಪಸ್ ಪಡೆದು ತೆರೆದರೆ, "ಅನ್‌ನ್ಯಾಚುರಲ್ ಲಿಂಕ್ಸ್ ಫ್ರಮ್ ಯುವರ್ ಸೈಟ್" ಅಂತಿದೆ. ಎದುರು ಪಾರ್ಟಿಯೂ ಇಲ್ಲ, ರಿಪೋರ್ಟೂ ಇಲ್ಲ. ನಮ್ಮ ಸೈಟಿನಿಂದ ಹೊರಗೆ ಹೋದ ಲಿಂಕುಗಳು! ಹೆಚ್ಚು ಓಡಿದ ಹಳೆ ಬರಹಗಳನ್ನೇ ಆರಿಸಿ, ಕೊನೆಯಲ್ಲಿ ಬಿಳಿ ಹಿನ್ನೆಲೆಗೆ ಬಿಳಿ ಅಕ್ಷರದಲ್ಲಿ ಬೆಟ್ಟಿಂಗ್ ಸೈಟು, ಸಾಲದ ಆ್ಯಪ್‌ಗಳ ಲಿಂಕ್. ಗೂಗಲ್‌ನಲ್ಲಿ ಸೈಟ್ ಕೋಲನ್ (site:) ಹಾಕಿ ಡೊಮೇನ್ ಹುಡುಕಿದರೆ ಮೆನುವಿನಲ್ಲೇ ಇಲ್ಲದ ಕೂಪನ್ ಪುಟಗಳ ಒಂದು ಫೋಲ್ಡರ್. ನಾವು ಫೀಸು ಕೊಡುತ್ತಿದ್ದೆವು, ಅವರು ನಮ್ಮ ಜಾಗ ಮಾರುತ್ತಿದ್ದರು.

ಕೇಳಿದ್ದಕ್ಕೆ ಮೊದಲು, "ಅದು ಗೆಸ್ಟ್ ಪೋಸ್ಟ್ ಕೊಲಾಬರೇಶನ್ ಸರ್, ಸಿಲಬಸ್‌ನಲ್ಲೇ ಇದೆ." ಆಮೇಲೆ, "ಪ್ರಾಕ್ಟಿಕಲ್ ಅಂದ್ರೆ ಇದೇ ಅಲ್ವಾ?" ಆಮೇಲೆ, "ಹೊರಗೆ ಬರೆದರೆ ಲೀಗಲ್ ಆಗಿ ನೋಡ್ಕೋತೀವಿ."

ಸಿಕ್ಕಿಬಿದ್ದಿದ್ದರೆ ಮೊದಲು ಅವರ ಅಡ್ಮಿನ್ ಖಾತೆ ತೆಗೆಯಿರಿ, ವರ್ಡ್‌ಪ್ರೆಸ್‌ನ ಅಪ್ಲಿಕೇಶನ್ ಪಾಸ್‌ವರ್ಡ್‌ಗಳನ್ನೂ (ಬೇರೆ ಆ್ಯಪ್‌ಗಳು ಒಳಬರಲು ಬಳಸುವಂಥವು) ರದ್ದು ಮಾಡಿ. ಸರ್ಚ್ ಕನ್ಸೋಲ್‌ನ ಯೂಸರ್ ಪಟ್ಟಿಯಿಂದ ಹೆಸರು ತೆಗೆದರೆ ಸಾಲದು, ಅವರ ಎಚ್‌ಟಿಎಂಎಲ್ ಫೈಲ್ ಅಥವಾ ಮೆಟಾ ಟ್ಯಾಗ್ ಉಳಿದಿದ್ದರೆ ಮತ್ತೆ ಓನರ್ ಆಗುತ್ತಾರೆ. ಲಿಂಕುಗಳನ್ನು ಎಡಿಟರ್‌ನಲ್ಲಿ ಕಣ್ಣಾಡಿಸಿ ಹುಡುಕಬೇಡಿ, ಸಿಗುವುದಿಲ್ಲ, ಡೇಟಾಬೇಸ್‌ನಲ್ಲೇ ಹುಡುಕಿ. ಥೀಮ್‌ನ ಫುಟರ್ ಫೈಲನ್ನೂ ನೋಡಿ. ನಿಜವಾದ ಜಾಹೀರಾತು ಲಿಂಕ್ ಇದ್ದರೆ ಅದರ ಕೋಡ್‌ನಲ್ಲಿ ಸ್ಪಾನ್ಸರ್ಡ್ (rel=sponsored) ಗುರುತು ಹಾಕಿ. ಎಲ್ಲ ತೆಗೆದ ಮೇಲೆ, ಏನೇನು ತೆಗೆದಿರಿ ಎಂದು ಬರೆದು ಗೂಗಲ್‌ಗೆ ರೀಕನ್ಸಿಡರೇಶನ್ (ಮರುಪರಿಶೀಲನೆ) ಕೋರಿಕೆ ಕಳಿಸಿ. ಅರ್ಧ ತೆಗೆದು ಕಳಿಸಿದರೆ ತಿರಸ್ಕಾರ ಗ್ಯಾರಂಟಿ.

ಇಷ್ಟಾದ ಮೇಲೂ ಅದೇ ಪುಣ್ಯಾತ್ಮ ಇನ್ನೊಂದು ನಂಬರಿನಿಂದ "ಪೆನಾಲ್ಟಿ ತೆಗೆಸಿಕೊಡ್ತೀವಿ, ಡಿಸಅವೋ ಪ್ಯಾಕೇಜ್ ಇದೆ" ಅಂತ ಕಳಿಸಿದ. ಡಿಸಅವೋ ಫೈಲ್ ಅಂದರೆ ಈ ಲಿಂಕುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಗೂಗಲ್‌ಗೆ ಕೊಡುವ ಪಟ್ಟಿ. ಅದಿರುವುದು ಒಳಗೆ ಬರುವ ಲಿಂಕುಗಳಿಗೆ. ಹೊರಗೆ ಹೋಗುವ ಲಿಂಕಿಗೆ ಅದರಿಂದ ಏನೂ ಆಗುವುದಿಲ್ಲ.