ಕುಡಿತದ ಚಿತ್ರಪಾಠ: ಹೊಗಾರ್ತ್‌ನದೋ, ಕ್ರುಕ್‌ಶಾಂಕ್‌ನದೋ?

ಕುಡಿತದ ಕೇಡು ತೋರಿಸಲು ಲಂಡನ್ನಿನ ಹಳೇ ಅಚ್ಚುಚಿತ್ರ ಹುಡುಕುತ್ತಿದ್ದೀರಾ? ಗೋಡೆಗೆ ಒಂದೇ ಸಾಕು ಅಂದ್ರೆ ವಿಲಿಯಂ ಹೊಗಾರ್ತ್‌ನ 'ಜಿನ್ ಲೇನ್' (1751) ತೆಗೆದುಕೊಳ್ಳಿ. ಅಮಲಿನ ತಾಯಿ ನಶ್ಯಕ್ಕೆ ಕೈ ಹಾಕಿದ್ದಾಳೆ, ಮಗು ಮೆಟ್ಟಿಲ ಪಕ್ಕದಿಂದ ಕೆಳಗೆ ಬೀಳುತ್ತಿದೆ. ಗಿರವಿ ಅಂಗಡಿಗೆ ಮಾತ್ರ ಭರ್ಜರಿ ವ್ಯಾಪಾರ. ನೋಡಿದವರು ಮರೆಯುವುದಿಲ್ಲ. ಆದರೆ ಇದರ ಜೋಡಿಚಿತ್ರ 'ಬಿಯರ್ ಸ್ಟ್ರೀಟ್' ಬಿಯರನ್ನು ಹೊಗಳುತ್ತದೆ! ಅಲ್ಲಿ ಪಾಳು ಬಿದ್ದಿರುವುದು ಗಿರವಿ ಅಂಗಡಿಯೇ. ಕುಡಿತ ಬಿಡಿಸುವ ಶಿಬಿರಕ್ಕೆ ಈ ಜೋಡಿ ಒಗ್ಗುವುದಿಲ್ಲ ಅಲ್ವಾ?

ಅಲ್ಲಿಗೆ ಜಾರ್ಜ್ ಕ್ರುಕ್‌ಶಾಂಕ್‌ನ 'ದಿ ಬಾಟಲ್' (1847) ಸರಿ. 8 ಚಿತ್ರ, ಒಂದೇ ಸಂಸಾರ. ಮೊದಲ ಗುಟುಕು, ಕೆಲಸ ಹೋಗುವುದು, ಜಪ್ತಿ, ಹೆಂಡತಿಯ ಕೊಲೆ, ಹುಚ್ಚಾಸ್ಪತ್ರೆ. ನಾಟಕ ಸ್ವಲ್ಪ ಜಾಸ್ತಿಯೇ. ಆದರೂ ಓದು ಬಾರದವರಿಗೂ ಕಥೆ ತಿಳಿಯುತ್ತದೆ. ಚಿಕ್ಕ ಮಕ್ಕಳಿಗಾದರೆ ಎರಡೂ ಬೇಡ.