ಎಪಿ ಕಂಪ್ಯಾರಟಿವ್ ಗವರ್ನಮೆಂಟ್‌ಗೆ ಟ್ಯೂಟರ್ ಹುಡುಕುತ್ತಿರುವ ತಂದೆತಾಯಂದಿರ ಗಮನಕ್ಕೆ

ಅಮೆರಿಕದಲ್ಲಿ ಹೈಸ್ಕೂಲು ಓದುತ್ತಿರುವ ಮಕ್ಕಳಿಗೆ ‘ಎಪಿ ಕಂಪ್ಯಾರಟಿವ್ ಗವರ್ನಮೆಂಟ್ ಅಂಡ್ ಪಾಲಿಟಿಕ್ಸ್’ ಪಾಠ ಹೇಳುವವರನ್ನು ಹುಡುಕುತ್ತಿದ್ದೀರಾದರೆ, ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ಎಪಿ ಎಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್: ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್, ಕೊನೆಗೆ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ಪರೀಕ್ಷೆ, ಫಲಿತಾಂಶ ಐದು ಅಂಕಕ್ಕೆ. ರಾಜ್ಯಶಾಸ್ತ್ರದಲ್ಲಿ ದೊಡ್ಡ ಪದವಿ ಪಡೆದವರು ಎಂಬ ಒಂದೇ ಕಾರಣಕ್ಕೆ ಈ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡಬಲ್ಲರು ಎಂದು ನಂಬಬೇಡಿ. ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಈ ನಂಬಿಕೆಯಿಂದ 1,800 ಡಾಲರ್ ಹೋಯಿತು. ಹಣದ ಮಾತು ಬಿಡಿ, ಹನ್ನೊಂದನೇ ತರಗತಿಯ ಮಗಳ ಒಂದು ಇಡೀ ಚಳಿಗಾಲ ಹೋಯಿತು. ಅದನ್ನು ಯಾರೂ ತಂದುಕೊಡಲಾರರು.

ಈ ವಿಷಯಕ್ಕೆ ಟ್ಯೂಟರ್ ಸಿಗುವುದೇ ಕಷ್ಟ. ಗಣಿತ, ರಸಾಯನಶಾಸ್ತ್ರಕ್ಕಾದರೆ ಬೀದಿಗೊಬ್ಬರು ಇದ್ದಾರೆ. ಎಪಿ ಯುಎಸ್ ಗವರ್ನಮೆಂಟ್‌ಗೂ ಸಿಗುತ್ತಾರೆ. ಆದರೆ ಯುಎಸ್ ಗವರ್ನಮೆಂಟ್ ಪರೀಕ್ಷೆ ಬರೆಯುವವರ ಸಂಖ್ಯೆ ಕಂಪ್ಯಾರಟಿವ್ ಬರೆಯುವವರ ಹತ್ತು ಪಟ್ಟಿಗಿಂತಲೂ ಹೆಚ್ಚು. ಎಷ್ಟೋ ಶಾಲೆಗಳಲ್ಲಿ ಈ ವಿಷಯವೇ ಇಲ್ಲ. ಹೀಗಾಗಿ ಇದನ್ನು ನಿಜವಾಗಿ ಕಲಿಸಿದ ಅನುಭವ ಇರುವವರು ಬೆರಳೆಣಿಕೆಯಷ್ಟು ಜನ. ಎರಡೂ ಹೆಸರಿನಲ್ಲಿ ‘ಗವರ್ನಮೆಂಟ್’ ಇರುವುದರಿಂದ ಒಂದನ್ನು ಕಲಿಸಿದವರು ಇನ್ನೊಂದನ್ನೂ ಕಲಿಸಬಲ್ಲರು ಎಂದುಕೊಳ್ಳುವವರೇ ಹೆಚ್ಚು. ಒಂದು ಅಮೆರಿಕದ ಸಂವಿಧಾನ, ಕಾಂಗ್ರೆಸ್, ಸುಪ್ರೀಂ ಕೋರ್ಟ್ ತೀರ್ಪುಗಳ ಬಗ್ಗೆ. ಇನ್ನೊಂದು ಬ್ರಿಟನ್, ರಷ್ಯಾ, ಚೀನಾ, ಇರಾನ್, ಮೆಕ್ಸಿಕೊ, ನೈಜೀರಿಯಾ ಎಂಬ ಆರು ದೇಶಗಳ ಬಗ್ಗೆ. ಆ ಆರರಲ್ಲಿ ಭಾರತ ಇಲ್ಲ. ನಮ್ಮ ಇಡೀ ಕಥೆ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಆ ಟ್ಯೂಟರ್ ಹೆಸರು ನಮಗೆ ಸಿಕ್ಕಿದ್ದು ಕನ್ನಡ ಕುಟುಂಬಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ‘ರಾಜ್ಯಶಾಸ್ತ್ರದಲ್ಲಿ ಪಿಎಚ್‌ಡಿ, ನಮ್ಮವರೇ, ತುಂಬಾ ಚೆನ್ನಾಗಿ ಹೇಳಿಕೊಡುತ್ತಾರೆ’ ಎಂದು ಒಬ್ಬರು ಬರೆದಿದ್ದರು. ಅವರು ಊರಿನಲ್ಲಿದ್ದಾಗ ಐಎಎಸ್, ಕೆಎಎಸ್ ಪರೀಕ್ಷೆಗೆ ಓದುವವರಿಗೆ ವರ್ಷಗಟ್ಟಲೆ ಪಾಠ ಮಾಡಿದವರು. ಫೋನಿನಲ್ಲಿ ಮಾತನಾಡಿದಾಗ ವಿಷಯದ ಮೇಲೆ ಹಿಡಿತ ಇದೆ ಎಂಬುದು ನನಗೂ ನನ್ನ ಯಜಮಾನರಿಗೂ ತಿಳಿಯಿತು. ‘ಕಂಪ್ಯಾರಟಿವ್ ಕಲಿಸಿದ್ದೀರಾ ಸರ್?’ ಎಂದು ನೇರವಾಗಿ ಕೇಳಿದೆ. ‘ಮೇಡಂ, ನನ್ನ ಮಕ್ಕಳಿಗೆಲ್ಲ ಐದಕ್ಕೆ ಐದು’ ಎಂದು ಹೇಳಿ ಅಂಕಗಳ ಸ್ಕ್ರೀನ್‌ಶಾಟ್‌ಗಳನ್ನು ಕಳುಹಿಸಿದರು. ವಿಷಯದ ಹೆಸರು ಅರ್ಧಕ್ಕೆ ಕತ್ತರಿಸಿಹೋಗಿದ್ದ ಚಿತ್ರಗಳು ಅವು. ಎಲ್ಲವೂ ಯುಎಸ್ ಗವರ್ನಮೆಂಟ್ ಅಂಕಗಳು ಎಂದು ಅವರ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿಯಿಂದ ಗೊತ್ತಾದದ್ದು ಬಹಳ ತಡವಾಗಿ. ಗಂಟೆಗೆ 90 ಡಾಲರ್, 20 ಗಂಟೆಗಳ ಪ್ಯಾಕೇಜ್, ಪೂರ್ತಿ ಹಣ ಮುಂಗಡ, ಝೆಲ್ (ಬ್ಯಾಂಕ್ ಖಾತೆಯಿಂದ ಖಾತೆಗೆ ಹಣ ಕಳುಹಿಸುವ ಸೇವೆ) ಮೂಲಕ ಮಾತ್ರ. ಈ ಷರತ್ತುಗಳನ್ನು ಎಲ್ಲಿಯಾದರೂ ಒಟ್ಟಿಗೆ ಕಂಡರೆ ಅಲ್ಲಿಗೇ ನಿಲ್ಲಿಸಿ.

ಪಾಠ ಶುರುವಾಯಿತು. ಅನ್ಯಾಯವಾಗಿ ಹೇಳಬಾರದು, ಮನುಷ್ಯ ಸೊಗಸಾಗಿ ಮಾತನಾಡುತ್ತಾರೆ. ಒಂದು ಸಂಜೆ ಒಕ್ಕೂಟ ವ್ಯವಸ್ಥೆಯ ಪಾಠ ನಡೆಯುತ್ತಿತ್ತು. ನಾನು ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಾ ಕಿವಿಗೊಟ್ಟಿದ್ದೆ. 1989ರಲ್ಲಿ ಎಸ್. ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 356ನೇ ವಿಧಿಯ ಅಡಿಯಲ್ಲಿ ವಜಾ ಮಾಡಿದ್ದು, ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು, ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು ಎಂದು 1994ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ ಹೇಳಿದ್ದು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ವಿವರಿಸಿದರು. ಮಗಳು ಕಂಪ್ಯೂಟರ್ ಮುಚ್ಚಿ ಬಂದು, ‘ಅಮ್ಮ, ಆಗ ತಾತ ಬೆಂಗಳೂರಿನಲ್ಲೇ ಇದ್ದರಲ್ಲವಾ?’ ಎಂದು ಕೇಳಿದಳು. ನನಗೆ ಹೆಮ್ಮೆಯೂ ಆಯಿತು. ಆ ಪಾಠ ಅವಳ ಜೀವನಕ್ಕೆ ಒಳ್ಳೆಯದೇ. ಅವಳು ಬರೆಯಬೇಕಾದ ಪರೀಕ್ಷೆಗೆ ಮಾತ್ರ ಅದರಿಂದ ಎಳ್ಳಷ್ಟೂ ಪ್ರಯೋಜನವಿರಲಿಲ್ಲ.

ಮಾರ್ಚ್‌ನಲ್ಲಿ ಶಾಲೆಯ ಅಣಕು ಪರೀಕ್ಷೆ ನಡೆಯಿತು. ಪ್ರಬಂಧದ ಪ್ರಶ್ನೆ: ದೇಶದ ಸ್ಥಿರತೆಗೆ ಒಕ್ಕೂಟ ವ್ಯವಸ್ಥೆ ಹೆಚ್ಚು ಸಹಾಯಕವೋ, ಪರಮಾಧಿಕಾರವೆಲ್ಲ ಕೇಂದ್ರದಲ್ಲೇ ಇರುವ ಏಕಕೇಂದ್ರ ವ್ಯವಸ್ಥೆಯೋ? ಮಗಳು ಎರಡು ಪುಟದ ಉತ್ತರ ಬರೆದಿದ್ದಳು. ಬೊಮ್ಮಾಯಿ ಪ್ರಕರಣ, ಸರ್ಕಾರಿಯಾ ಆಯೋಗ, ಭಾಷಾವಾರು ಪ್ರಾಂತ ರಚನೆ, ಏನೂ ಬಿಟ್ಟಿರಲಿಲ್ಲ. ಐದು ಅಂಕಕ್ಕೆ ಒಂದು ಬಂದಿತ್ತು. ಶಿಕ್ಷಕಿ ಅಂಚಿನಲ್ಲಿ ನೀಲಿ ಪೆನ್ನಿನಿಂದ ಬರೆದಿದ್ದರು: ಬರವಣಿಗೆ ಚೆನ್ನಾಗಿದೆ, ವಾದ ಸ್ಪಷ್ಟವಾಗಿದೆ, ಆದರೆ ಭಾರತ ಈ ಕೋರ್ಸಿನ ದೇಶವಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರಬಂಧದ ಐದು ಅಂಕಗಳಲ್ಲಿ ಒಂದು ನಿಮ್ಮ ನಿಲುವಿಗೆ, ಎರಡು ಸಾಕ್ಷ್ಯಕ್ಕೆ, ಒಂದು ಆ ಸಾಕ್ಷ್ಯ ನಿಲುವನ್ನು ಹೇಗೆ ಸಮರ್ಥಿಸುತ್ತದೆ ಎಂಬ ವಿವರಣೆಗೆ, ಒಂದು ಎದುರುವಾದಕ್ಕೆ ಕೊಡುವ ಉತ್ತರಕ್ಕೆ. ಸಾಕ್ಷ್ಯ ಆ ಆರು ದೇಶಗಳಿಂದಲೇ ಬರಬೇಕು. ರಷ್ಯಾ, ಮೆಕ್ಸಿಕೊ, ನೈಜೀರಿಯಾ ಒಕ್ಕೂಟಗಳು. ಬ್ರಿಟನ್, ಚೀನಾ, ಇರಾನ್ ಏಕಕೇಂದ್ರ ವ್ಯವಸ್ಥೆಯವು. ನೈಜೀರಿಯಾದ 36 ರಾಜ್ಯಗಳ ಬಗ್ಗೆ, 1999ರಲ್ಲಿ ಸ್ಕಾಟ್ಲೆಂಡಿಗೆ ಸಿಕ್ಕ ಸಂಸತ್ತಿನ ಬಗ್ಗೆ ನಾಲ್ಕೇ ಸಾಲು ಬರೆದಿದ್ದರೂ ಅಂಕ ಸಿಗುತ್ತಿತ್ತು. ಭಾರತದ ಬಗ್ಗೆ ಎಷ್ಟೇ ಆಳವಾಗಿ ಬರೆದರೂ ಸಾಕ್ಷ್ಯದ ಅಂಕ ಸೊನ್ನೆ. ಸಾಕ್ಷ್ಯ ಹೋದ ಮೇಲೆ ವಿವರಣೆಯ ಅಂಕವೂ ಅದರ ಹಿಂದೆಯೇ ಹೋಗುತ್ತದೆ.

ಆ ರಾತ್ರಿ ನಾನು ಮತ್ತು ಯಜಮಾನರು ಕೂತು ಅವರು ಕೊಟ್ಟಿದ್ದ ಟಿಪ್ಪಣಿಗಳನ್ನೆಲ್ಲ ತೆರೆದು ನೋಡಿದೆವು. ರಷ್ಯಾ ಸಂಸತ್ತಿನ ಕೆಳಮನೆಯಾದ ಡೂಮಾಕ್ಕೆ ಪೂರ್ತಿ ಪ್ರಮಾಣಾನುಗುಣ ಪ್ರಾತಿನಿಧ್ಯ (ಪಕ್ಷಕ್ಕೆ ಬಿದ್ದ ಮತದ ಪ್ರಮಾಣದಲ್ಲಿ ಸ್ಥಾನ), ಸ್ಥಾನ ಪಡೆಯಲು ಪಕ್ಷಕ್ಕೆ ಬೇಕಾದ ಕನಿಷ್ಠ ಮತದ ಮಿತಿ ಶೇ 7 ಎಂದು ಬರೆದಿತ್ತು. ಅದು 2007 ಮತ್ತು 2011ರ ಚುನಾವಣೆಗಳ ಮಾತು. 2016ರಿಂದ 450 ಸ್ಥಾನಗಳಲ್ಲಿ ಅರ್ಧ ಕ್ಷೇತ್ರವಾರು, ಉಳಿದರ್ಧ ಪಕ್ಷಗಳ ಪಟ್ಟಿಯಿಂದ, ಮಿತಿ ಶೇ 5. ಚೀನಾದ ಅಧ್ಯಕ್ಷರಿಗೆ ಎರಡೇ ಅವಧಿ ಎಂದಿತ್ತು. ಆ ಮಿತಿಯನ್ನು 2018ರಲ್ಲಿಯೇ ತೆಗೆದುಹಾಕಿದ್ದಾರೆ. ಇರಾನಿನ ಅಧ್ಯಕ್ಷರೇ ಸೇನೆಯ ಮಹಾದಂಡನಾಯಕರು ಎಂದು ಮಗಳು ಬರೆದಿದ್ದ ಉತ್ತರದ ಪಕ್ಕದಲ್ಲಿ ಹಸಿರು ಟಿಕ್ ಗುರುತು ಇತ್ತು. ಅಲ್ಲಿನ ಸಂವಿಧಾನದ ಪ್ರಕಾರ ಆ ಅಧಿಕಾರ ಸರ್ವೋಚ್ಚ ನಾಯಕನದು. ಇರಾನ್ ಪಾಠದ ಜೀವಾಳವೇ ಅದು. ಜನ ಆರಿಸಿದ ಅಧ್ಯಕ್ಷರು ಒಂದು ಕಡೆ, ಅವರ ಮೇಲೆ ಜನ ನೇರವಾಗಿ ಆರಿಸದ ನಾಯಕ, ಅಭ್ಯರ್ಥಿಗಳನ್ನು ಜರಡಿ ಹಿಡಿಯುವ 12 ಜನರ ಗಾರ್ಡಿಯನ್ ಕೌನ್ಸಿಲ್. ಇದು ತಿಳಿಯದಿದ್ದರೆ ಇರಾನ್ ಮೇಲಿನ ಯಾವ ಪ್ರಶ್ನೆಗೂ ಮಗು ಸರಿಯಾಗಿ ಉತ್ತರಿಸಲಾರದು. ಟಿಕ್ ಹಾಕಿದವರು ಆ ಉತ್ತರವನ್ನು ಓದಿದ್ದರೇ ಎಂಬ ಅನುಮಾನ ನನಗೆ ಈಗಲೂ ಇದೆ.

ಅಭ್ಯಾಸದ ಪ್ರಶ್ನೆಗಳೂ ಹಳೆಯವೇ. ಈ ಪರೀಕ್ಷೆಯ ಮಾದರಿ 2020ಕ್ಕೆ ಬದಲಾಯಿತು. 2019ರವರೆಗೆ ಬರೆಯುವ ಪ್ರಶ್ನೆಗಳು ಎಂಟು ಇರುತ್ತಿದ್ದವು, ಅವುಗಳಲ್ಲಿ ಐದು ಚಿಕ್ಕ ಉತ್ತರದವು. ಈಗ ಒಂದು ಗಂಟೆಯಲ್ಲಿ 55 ಬಹು ಆಯ್ಕೆ ಪ್ರಶ್ನೆಗಳು, ಆಮೇಲೆ ಒಂದೂವರೆ ಗಂಟೆಯಲ್ಲಿ ನಾಲ್ಕು ಬರೆಯುವ ಪ್ರಶ್ನೆಗಳು: ಒಂದು ಪರಿಕಲ್ಪನೆಯ ಮೇಲೆ, ಒಂದು ಅಂಕಿಅಂಶದ ಕೋಷ್ಟಕ ಅಥವಾ ನಕ್ಷೆಯ ಮೇಲೆ, ಒಂದು ಎರಡು ದೇಶಗಳ ಹೋಲಿಕೆ, ಕೊನೆಗೆ ಪ್ರಬಂಧ. ನಮ್ಮ ಹುಡುಗಿ ಇಡೀ ಚಳಿಗಾಲ ಚಿಕ್ಕ ಉತ್ತರಗಳನ್ನು ಉರು ಹೊಡೆದಿದ್ದಳು. ಕೋಷ್ಟಕ ಓದುವ ಪ್ರಶ್ನೆಯನ್ನು ಆ ಟ್ಯೂಟರ್ ಒಂದು ಬಾರಿಯೂ ಕೊಟ್ಟಿರಲಿಲ್ಲ.

ಫೋನ್ ಮಾಡಿದೆ. ಮೊದಲು, ‘ಇಲ್ಲಿನ ಮೇಷ್ಟರುಗಳಿಗೆ ಭಾರತದ ರಾಜಕೀಯ ಗೊತ್ತಿಲ್ಲ ಮೇಡಂ, ಅದಕ್ಕೆ ಅಂಕ ಕೊಟ್ಟಿಲ್ಲ’ ಎಂದರು. ಕಾಲೇಜ್ ಬೋರ್ಡ್‌ನ ಅಂಕ ನೀಡುವ ಮಾರ್ಗಸೂಚಿಯನ್ನೇ ಕಳುಹಿಸಿದೆ. ಅದನ್ನು ನೋಡಿದ ಮೇಲೆ ಅವರ ದನಿ ಬದಲಾಯಿತು. ‘ಜ್ಞಾನ ವ್ಯರ್ಥವಾಗುವುದಿಲ್ಲ, ನೀವು ಅಂಕದ ಹಿಂದೆ ಬಿದ್ದಿದ್ದೀರಿ’ ಎಂದರು. ಉಳಿದ ಗಂಟೆಗಳ ಹಣ ವಾಪಸ್ ಕೊಡಿ ಎಂದಾಗ, ಪ್ಯಾಕೇಜ್‌ಗೆ ಮರುಪಾವತಿ ಇಲ್ಲ ಎಂದು ಸಂದೇಶ ಬಂತು. ಅಂದಿನಿಂದ ನಮ್ಮ ನಂಬರ್ ಬ್ಲಾಕ್ ಆಗಿದೆ. ನನಗೆ ಸಿಟ್ಟು ಬಂದದ್ದು ಅವರಿಗೆ ಈ ಕೋರ್ಸ್ ಗೊತ್ತಿಲ್ಲ ಎಂಬುದಕ್ಕಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿ, ಹದಿನಾರರ ಹುಡುಗಿಯ ಸಮಯಕ್ಕೆ ಬೆಲೆ ಕಟ್ಟಿ ಹಣ ತೆಗೆದುಕೊಂಡದ್ದಕ್ಕೆ. ಅಣಕು ಪರೀಕ್ಷೆಯ ಆ ಒಂದು ಅಂಕ ನೋಡಿ ಅವಳು ‘ನನಗೆ ಬರೆಯಲು ಬರುವುದಿಲ್ಲ’ ಎಂದು ತೀರ್ಮಾನಿಸಿಬಿಟ್ಟಿದ್ದಳು. ಅದನ್ನು ಅವಳ ಮನಸ್ಸಿನಿಂದ ತೆಗೆಯಲು ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ.

ನೀವು ಟ್ಯೂಟರ್ ಜೊತೆ ಮಾತನಾಡುವಾಗ ಪದವಿಯ ಬಗ್ಗೆ ಕೇಳಬೇಡಿ, ಪರೀಕ್ಷೆಯ ಬಗ್ಗೆ ಕೇಳಿ. ಆರು ದೇಶಗಳು ಯಾವುವು? ಇದಕ್ಕೆ ತಡವರಿಸಿದರೆ ಫೋನ್ ಇಟ್ಟುಬಿಡಿ. ನಾಲ್ಕು ಬರೆಯುವ ಪ್ರಶ್ನೆಗಳಲ್ಲಿ ಮಕ್ಕಳು ಎಲ್ಲಿ ಹೆಚ್ಚು ಅಂಕ ಕಳೆದುಕೊಳ್ಳುತ್ತಾರೆ ಎಂದು ಕೇಳಿ. ಕಲಿಸಿದವರಿಗೆ ಇದಕ್ಕೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ನೈಜೀರಿಯಾದಲ್ಲಿ ಅಧ್ಯಕ್ಷರಾಗಲು ಅತಿ ಹೆಚ್ಚು ಮತ ಪಡೆದರೆ ಸಾಕೇ ಎಂದು ಕೇಳಿ. ಸಾಲದು. ಮೂರನೇ ಎರಡರಷ್ಟು ರಾಜ್ಯಗಳಲ್ಲಿ ತಲಾ ಕನಿಷ್ಠ ಶೇ 25 ಮತವೂ ಬೇಕು. ಉತ್ತರದವರ ಮತದಿಂದಷ್ಟೇ ಅಥವಾ ದಕ್ಷಿಣದವರ ಮತದಿಂದಷ್ಟೇ ಒಬ್ಬರು ಗೆದ್ದುಬಿಡಬಾರದು ಎಂದು ಮಾಡಿದ ನಿಯಮ ಇದು. ಈ ಕೋರ್ಸನ್ನು ಒಂದು ವರ್ಷ ಕಲಿಸಿದವರಿಗೂ ಇದು ತಿಳಿದಿರುತ್ತದೆ. ಸ್ಕ್ರೀನ್‌ಶಾಟ್ ತೋರಿಸಿದರೆ ವಿಷಯದ ಹೆಸರು, ವರ್ಷ ಪೂರ್ತಿ ಕಾಣಬೇಕು. ಹಿಂದೆ ಪಾಠ ಹೇಳಿಸಿಕೊಂಡ ಕುಟುಂಬವೊಂದರ ಜೊತೆ ಮಾತನಾಡಲು ಅವಕಾಶ ಕೊಡಿ ಎಂದು ಕೇಳಿ. ಹೆಸರು ಹೇಳಲು ಹಿಂಜರಿದರೆ ಕಾರಣ ಏನೇ ಇರಲಿ, ಬೇಡ.

ಮಗುವಿನ ಹಳೆಯ ಉತ್ತರವೊಂದನ್ನು ಕೊಟ್ಟು ಅಂಕ ಹಾಕಿಸಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತೋಚುವುದಿಲ್ಲ. ಕಾಲೇಜ್ ಬೋರ್ಡ್‌ನ ಎಪಿ ಸೆಂಟ್ರಲ್ ತಾಣದಲ್ಲಿ ಹಿಂದಿನ ವರ್ಷಗಳ ಪ್ರಶ್ನೆಗಳು, ಅಂಕ ನೀಡುವ ಮಾರ್ಗಸೂಚಿ, ವಿದ್ಯಾರ್ಥಿಗಳ ನಿಜವಾದ ಉತ್ತರಗಳ ಮಾದರಿ ಎಲ್ಲವೂ ಉಚಿತವಾಗಿ ಸಿಗುತ್ತವೆ. ಅಲ್ಲಿರುವ ಒಂದು ಉತ್ತರಕ್ಕೆ ಟ್ಯೂಟರ್ ಎಷ್ಟು ಅಂಕ ಹಾಕುತ್ತಾರೆ, ಅಲ್ಲಿ ಎಷ್ಟು ಬಂದಿದೆ ಎಂದು ಹೋಲಿಸಿ ನೋಡಿ. ಪ್ರಶ್ನೆಗಳನ್ನು ಮಾತ್ರ 2021ರಿಂದ ಈಚೆಯವನ್ನೇ ತೆಗೆದುಕೊಳ್ಳಿ. ತರಗತಿಯ ಶಿಕ್ಷಕರು ಎಪಿ ಕ್ಲಾಸ್‌ರೂಮ್ ತೆರೆದುಕೊಟ್ಟಿದ್ದರೆ ಅಲ್ಲಿನ ವಿಡಿಯೊ ಮತ್ತು ಅಭ್ಯಾಸ ಪ್ರಶ್ನೆಗಳೂ ಇವೆ. ಶ್ರದ್ಧೆಯಿಂದ ಕೂರುವ ಮಗುವಿಗೆ ಟ್ಯೂಷನ್ನೇ ಬೇಕಾಗದೆ ಹೋಗಬಹುದು.

ನಮಗೆ ಕೊನೆಗೆ ದಾರಿ ತೋರಿಸಿದವರು ಅಂಚಿನಲ್ಲಿ ಬರೆದ ಅದೇ ಶಿಕ್ಷಕಿ. ಪಕ್ಕದ ಊರಿನಲ್ಲಿ ಈ ಕೋರ್ಸ್ ಕಲಿಸಿ ನಿವೃತ್ತರಾದ, ಎಪಿ ಉತ್ತರಪತ್ರಿಕೆಗಳ ಮೌಲ್ಯಮಾಪನವನ್ನೂ ಮಾಡಿದ ಒಬ್ಬರ ಹೆಸರು ಕೊಟ್ಟರು. ಅವರು ಮುಂಗಡ ಕೇಳಲಿಲ್ಲ, ಪಾಠ ಮುಗಿದ ಮೇಲೆ ಚೆಕ್ ತೆಗೆದುಕೊಂಡರು. ಮೊದಲ ದಿನ ಉಪನ್ಯಾಸವೇ ಇಲ್ಲ. ಮೆಕ್ಸಿಕೊ ಮತ್ತು ನೈಜೀರಿಯಾಗಳಲ್ಲಿ ಅಧ್ಯಕ್ಷರನ್ನು ಆರಿಸುವ ಬಗೆಯನ್ನು ಹೋಲಿಸು ಎಂದು ಹೇಳಿ, 20 ನಿಮಿಷಕ್ಕೆ ಗಡಿಯಾರ ಇಟ್ಟು ಸುಮ್ಮನೆ ಕೂತರು. ಮಗಳು ಎರಡೂ ದೇಶಗಳ ಬಗ್ಗೆ ಬೇರೆ ಬೇರೆಯಾಗಿ ಒಂದೊಂದು ಪ್ಯಾರಾ ಬರೆದಿದ್ದಳು. ‘ಎರಡು ವರದಿ ಬರೆದಿದ್ದೀಯ, ಹೋಲಿಕೆ ಎಲ್ಲಿ?’ ಎಂದು ಕೇಳಿ, ಎರಡನ್ನೂ ಒಂದೇ ವಾಕ್ಯದೊಳಗೆ ತರುವುದನ್ನು ಕಲಿಸಿದರು: ಮೆಕ್ಸಿಕೊದಲ್ಲಿ ಉಳಿದವರಿಗಿಂತ ಒಂದು ಮತ ಹೆಚ್ಚು ಬಂದರೂ ಆರು ವರ್ಷದ ಅಧಿಕಾರ, ನೈಜೀರಿಯಾದಲ್ಲಿ ಮತ ಹೆಚ್ಚಿದ್ದರೂ ದೇಶದುದ್ದಕ್ಕೂ ಹರಡಿರದಿದ್ದರೆ ಮತ್ತೊಂದು ಸುತ್ತು. ಅವಳ ಮುಖದಲ್ಲಿ ಗೆಲುವು ಕಾಣಿಸಿದ್ದು ಅಂದು. ಮೇ ತಿಂಗಳ ಪರೀಕ್ಷೆಗೆ ಹೆಚ್ಚು ಸಮಯ ಉಳಿದಿರಲಿಲ್ಲ, ಆದರೂ ಜುಲೈನಲ್ಲಿ ಫಲಿತಾಂಶ ಬಂದಾಗ ಐದಕ್ಕೆ 4 ಬಂತು.

ಹಣದ ವಿಷಯ. ಝೆಲ್‌ನಲ್ಲಿ ನಾವಾಗಿ ಕಳುಹಿಸಿದ ಹಣವನ್ನು ಹಿಂದಕ್ಕೆ ಪಡೆಯುವುದು ತೀರಾ ಕಷ್ಟ. ನಮ್ಮ ಬ್ಯಾಂಕ್ ಕೈಚೆಲ್ಲಿತು. ಕ್ರೆಡಿಟ್ ಕಾರ್ಡ್ ಆಗಿದ್ದರೆ ತಕರಾರು ಸಲ್ಲಿಸಲು ದಾರಿ ಇರುತ್ತಿತ್ತು. ಒಂದೊಂದೇ ಪಾಠಕ್ಕೆ ಹಣ ಕೊಡಿ, ಹೆಚ್ಚೆಂದರೆ ಒಂದು ತಿಂಗಳಿಗೆ. ರಿಯಾಯಿತಿಯ ಆಸೆ ತೋರಿಸಿದರೂ ಅಷ್ಟೇ.

ಈಗ ಶಾಲೆಗಳು ತೆರೆಯುವ ಹೊತ್ತು. ಅದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದೇ ಟ್ಯೂಟರ್ ಹೆಸರನ್ನು ಮೊನ್ನೆ ಮತ್ತೆ ಯಾರೋ ಹಾಕಿದ್ದಾರೆ, ‘ನಮ್ಮವರೇ’ ಎಂಬ ಅದೇ ಮಾತಿನ ಜೊತೆ. ಹಾಕಿದವರಿಗೆ ಫೋನ್ ಮಾಡಿದೆ. ಅವರ ಮಗ ಆ ಟ್ಯೂಟರ್ ಹತ್ತಿರ ಪಾಠವನ್ನೇ ಹೇಳಿಸಿಕೊಂಡಿಲ್ಲ, ಇನ್ಯಾರೋ ಕಳುಹಿಸಿದ್ದನ್ನು ಮುಂದೆ ಕಳುಹಿಸಿದ್ದರಂತೆ. ಟ್ಯೂಟರ್‌ಗಳ ಹೆಸರು ಹಂಚಿಕೊಳ್ಳುವ ಎಲ್ಲರಲ್ಲೂ ಕೈಮುಗಿದು ಕೇಳುತ್ತೇನೆ: ನಿಮ್ಮ ಮಗು ಅವರ ಬಳಿ ಯಾವ ವಿಷಯ, ಯಾವ ವರ್ಷ ಕಲಿಯಿತು ಎಂಬುದನ್ನೂ ಬರೆಯಿರಿ. ಕಲಿತಿಲ್ಲವಾದರೆ ಹೆಸರು ಕಳುಹಿಸಬೇಡಿ.